ಹತ್ತು ನಿಮಿಷದಲ್ಲಿ ಸರಿಹೋಯ್ತು ಅಂತ ಸುಮ್ಮನಾದೆವು: ಅಪ್ಪನಿಗೆ ಲಕ್ವ ಹೊಡೆಯುವ ಮುಂಚಿನ ನಾಲ್ಕು ದಿನ

ಕೊಬ್ಬರಿಮನೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನಮ್ಮದು ತಿಪಟೂರು ಹತ್ತಿರದ ಹಳ್ಳಿ. ಅಪ್ಪನಿಗೆ 67 ವರ್ಷ. ಹನ್ನೊಂದು ವರ್ಷದಿಂದ ಬಿಪಿ ಇದೆ. ಮಾತ್ರೆ ಸ್ವಲ್ಪ ದಿನ ತಗೊಳ್ಳುತ್ತಿದ್ದರು, ಸ್ವಲ್ಪ ದಿನ ಬಿಡುತ್ತಿದ್ದರು. ತಲೆನೋವು ಇಲ್ಲ ಅಂದರೆ ಬಿಪಿನೂ ಇಲ್ಲ ಅನ್ನುವುದು ಅವರ ಲೆಕ್ಕ.

ಮೂರು ವಾರದ ಹಿಂದೆ, ಗುರುವಾರ ಸಂಜೆ, ತೋಟದಿಂದ ಮನೆಗೆ ಬಂದಾಗ ಅಪ್ಪನ ಬಲಗಾಲಲ್ಲಿ ಚಪ್ಪಲಿ ಇರಲಿಲ್ಲ. ದಾರಿಯಲ್ಲಿ ಜಾರಿ ಹೋಗಿದೆ, ಅವರಿಗೆ ಗೊತ್ತೇ ಆಗಿಲ್ಲ. ಅಮ್ಮ "ಒಂದೇ ಚಪ್ಪಲಿ ಹಾಕ್ಕೊಂಡು ಬಂದಿದ್ದೀರಲ್ಲ" ಅಂದಾಗ ಏನೋ ಹೇಳಲು ಹೋದರು. ಮಾತು ತೊದಲಿತು. ಬಾಯಿ ತುಂಬ ಎಲೆಅಡಿಕೆ ಇಟ್ಟುಕೊಂಡು ಮಾತಾಡಿದ ಹಾಗೆ ಕೇಳಿಸಿತು. ಜಗಲಿ ಮೇಲೆ ಕೂರಿಸಿ ಗಾಳಿ ಹಾಕಿದೆವು. ಹತ್ತು ನಿಮಿಷಕ್ಕೆ ಮಾತು ಸರಿಯಾಯಿತು. ತಮ್ಮ ಹೋಗಿ ಚಪ್ಪಲಿ ಹುಡುಕಿ ತಂದ. ಬಿಸಿಲಿಗೆ ಪಿತ್ತ ಏರಿದೆ ಅಂತ ನಿಂಬೆ ಪಾನಕ ಕುಡಿಸಿದೆವು. ರಾತ್ರಿ ಎಂದಿನ ಹಾಗೆ ಮುದ್ದೆ ಉಂಡು ಮಲಗಿದರು. ಶುಕ್ರವಾರ, ಶನಿವಾರ, ಭಾನುವಾರ ಚೆನ್ನಾಗೇ ಇದ್ದರು.

ಸೋಮವಾರ ಬೆಳಿಗ್ಗೆ ಏಳೂಕಾಲು. ಕೊಬ್ಬರಿ ಒಡೆಯುತ್ತಾ ಕೂತಿದ್ದರು. ಕೈಯಲ್ಲಿದ್ದ ಮಚ್ಚು ಜಾರಿ ಬಿತ್ತು. ಎತ್ತಿಕೊಳ್ಳಲು ಬಗ್ಗಿದರು, ಆಗಲಿಲ್ಲ. ಬಲಗೈ ತೊಡೆ ಮೇಲೆ ಹಾಗೇ ಬಿದ್ದಿತ್ತು, ಬೇರೆಯವರ ಕೈ ತಂದು ಇಟ್ಟ ಹಾಗೆ. ಬಾಯಿ ಎಡಕ್ಕೆ ಎಳೆದುಕೊಂಡಿತ್ತು. ನಮ್ಮನ್ನೆಲ್ಲ ನೋಡುತ್ತಿದ್ದರು, ಮಾತು ಮಾತ್ರ ಇಲ್ಲ.

ಆಮೇಲೆ ನಾವು ಮಾಡಿದ್ದನ್ನು ಹಾಗೇ ಬರೆಯುತ್ತೇನೆ. ಬಿಪಿ ಜಾಸ್ತಿಯಾಗಿದೆ ಅಂತ ಎರಡು ಮಾತ್ರೆ ಒಟ್ಟಿಗೆ ಬಾಯಿಗೆ ಹಾಕಿ ಕಾಫಿ ಕುಡಿಸಿದೆವು. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು. ಒಬ್ಬರು ಕೈಗೆ ಎಣ್ಣೆ ಉಜ್ಜಿ ಅಂದರು, ಇನ್ನೊಬ್ಬರು ಪಾರಿವಾಳದ ರಕ್ತ ಹಚ್ಚಬೇಕು ಅಂದರು. ಕ್ಲಿನಿಕ್ ಬಾಗಿಲು ತೆಗೆಯಲಿ ಅಂತ ಹತ್ತು ಗಂಟೆವರೆಗೆ ಕಾದೆವು. ಅಲ್ಲಿಂದ ಒಂದು ಆಸ್ಪತ್ರೆ, ಅಲ್ಲಿ ಸ್ಕ್ಯಾನ್ ಇಲ್ಲ ಅಂತ ಇನ್ನೊಂದು ಆಸ್ಪತ್ರೆ. ಸಿಟಿ ಸ್ಕ್ಯಾನ್ ಆದಾಗ ಮಧ್ಯಾಹ್ನ ಒಂದು ಗಂಟೆ. ಮೆದುಳಿನ ರಕ್ತನಾಳದಲ್ಲಿ ಹೆಪ್ಪು ಕೂತಿದೆ, ಅದನ್ನು ಕರಗಿಸುವ ಇಂಜೆಕ್ಷನ್‌ಗೆ ಹೊತ್ತು ಮೀರಿದೆ ಅಂದರು.

ಈಗ ಮನೆಯಲ್ಲಿದ್ದಾರೆ. ಕಾಲು ಸ್ವಲ್ಪ ಊರುತ್ತಾರೆ, ಬಲಗೈಗೆ ಸ್ವಾಧೀನ ಇಲ್ಲ. ಮಾತು ಬರುತ್ತಿದೆ, ಆದರೆ ಪದ ತಪ್ಪುತ್ತದೆ. ಚೊಂಬು ಬೇಕಾದಾಗ "ಕತ್ತಿ ಕೊಡು" ಅನ್ನುತ್ತಾರೆ. ತಪ್ಪಿದ್ದು ಅವರಿಗೇ ಗೊತ್ತಾಗಿ ಕಣ್ಣೀರು ಹಾಕುತ್ತಾರೆ.

ನನ್ನ ಪ್ರಶ್ನೆ ಇಷ್ಟೇ. ಗುರುವಾರ ಸಂಜೆ ಆಗಿದ್ದೂ ಇದೇನಾ? ಅವತ್ತೇ ಕರೆದುಕೊಂಡು ಹೋಗಿದ್ದರೆ ಏನಾದರೂ ಬದಲಾಗುತ್ತಿತ್ತಾ? ನನಗೆ 41, ತಮ್ಮನಿಗೆ 36. ನಮಗೂ ಬರುತ್ತದಾ?

ಹಳೇಸಿಸ್ಟರ್

ನೋಡಪ್ಪಾ, ಮೊದಲು ಒಂದು ಮಾತು. ಇದನ್ನು ಇಷ್ಟು ವಿವರವಾಗಿ ಬರೆದಿದ್ದೀಯಲ್ಲ, ಓದಿದವರ ಮನೆಯಲ್ಲಿ ಒಬ್ಬರಾದರೂ ಉಳಿದುಕೊಳ್ಳುತ್ತಾರೆ.

ನರರೋಗದ ವಾರ್ಡಿನಲ್ಲಿ 26 ವರ್ಷ ಕೆಲಸ ಮಾಡಿದ್ದೇನೆ. ಗುರುವಾರ ಆಗಿದ್ದೂ ಅದೇ. ಅದಕ್ಕೆ ಟಿಐಎ ಅನ್ನುತ್ತಾರೆ, ಮಿನಿ ಸ್ಟ್ರೋಕ್ ಅಂತಲೂ ಹೇಳುತ್ತಾರೆ. ಹೆಪ್ಪು ಬಂದು ರಕ್ತನಾಳಕ್ಕೆ ಅಡ್ಡ ಕೂರುತ್ತದೆ, ಆಮೇಲೆ ತಾನೇ ಕರಗಿಯೋ ಮುಂದೆ ಸರಿದೋ ದಾರಿ ಬಿಡುತ್ತದೆ. ಮನುಷ್ಯ ಮೊದಲಿನ ಹಾಗೇ ಆಗುತ್ತಾನೆ. ಆದರೆ ಆ ಹೆಪ್ಪು ಎಲ್ಲಿಂದ ಬಂತೋ ಆ ಜಾಗ ಹಾಗೇ ಇರುತ್ತದಲ್ವಾ? ಕತ್ತಿನ ರಕ್ತನಾಳ ಇರಬಹುದು, ಹೃದಯ ಇರಬಹುದು. ಮುಂದಿನ ಎರಡು ದಿನ ತುಂಬ ಅಪಾಯ, ಆಮೇಲಿನ ವಾರಗಳೂ ಪೂರ್ತಿ ನಿರಾಳ ಅಲ್ಲ.

ಚಪ್ಪಲಿ ವಿಷಯ ಓದಿ ಎದೆ ಝಲ್ ಅಂತು. ಕಾಲಿಂದ ಚಪ್ಪಲಿ ಜಾರಿದ್ದು ಗೊತ್ತಾಗಲಿಲ್ಲ ಅಂತ ನಮ್ಮ ವಾರ್ಡಿನಲ್ಲಿ ಎಷ್ಟು ಜನ ಹೇಳಿದ್ದಾರೋ. ಒಳಗೆ ಬಂದವರಿಗೆ ನಾನು ಕೇಳುತ್ತಿದ್ದ ಮೊದಲ ಪ್ರಶ್ನೆಯೇ "ಚಪ್ಪಲಿ ನಿಲ್ಲುತ್ತಿತ್ತಾ?" ಅಂತ. ಅಂಗಿ ಗುಂಡಿ ಹಾಕಲು ಬಾರದಿರುವುದು, ಅನ್ನ ಕಲಸುವಾಗ ಬೆರಳು ಕೂಡದಿರುವುದು, ಕುಡಿದ ನೀರು ಬಾಯಿಯ ಒಂದು ಮೂಲೆಯಿಂದ ಸೋರುವುದು. ಇವೂ ಅಂಥವೇ. ಇದ್ದಕ್ಕಿದ್ದಂತೆ ಶುರುವಾಯಿತಾ ಅನ್ನುವುದನ್ನು ನೋಡಬೇಕು.

ಜಿಲ್ಲಾಸ್ಪತ್ರೆ_ಡಾಕ್ಟರ್

ಸಿಸ್ಟರ್ ಸರಿಯಾಗಿ ಹೇಳಿದ್ದಾರೆ. ಎರಡನೇ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಸ್ವಲ್ಪ ಕಷ್ಟದ ಉತ್ತರ. ಆದರೂ ನೇರವಾಗಿ ಹೇಳುತ್ತೇನೆ, ಬೇರೆಯವರಿಗೂ ಬೇಕಾಗಿರುವುದು ಇದೇ.

ಹೌದು ಸರ್, ಬದಲಾಗುವ ಸಾಧ್ಯತೆ ಇತ್ತು. ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ನಡೆದ ಒಂದು ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಟಿಐಎ ಅಥವಾ ಸಣ್ಣ ಸ್ಟ್ರೋಕ್ ಆದವರಿಗೆ ತಡಮಾಡದೆ ಚಿಕಿತ್ಸೆ ಶುರು ಮಾಡಿದಾಗ, ಮೂರು ತಿಂಗಳೊಳಗೆ ಮತ್ತೆ ಸ್ಟ್ರೋಕ್ ಆಗುವುದು ಶೇ 80ರಷ್ಟು ಕಡಿಮೆಯಾಗಿತ್ತು. ದೊಡ್ಡ ಆಪರೇಷನ್ ಏನೂ ಅಲ್ಲ. ಸ್ಕ್ಯಾನ್, ಇಸಿಜಿ, ಕತ್ತಿನ ರಕ್ತನಾಳದ ಡಾಪ್ಲರ್, ರಕ್ತ ಹೆಪ್ಪುಗಟ್ಟದ ಹಾಗೆ ಮಾತ್ರೆ, ಬಿಪಿ ಹಿಡಿತಕ್ಕೆ ತರುವುದು. ಹೆಚ್ಚಿನವರಿಗೆ ಇಷ್ಟೇ ಸಾಕಾಗುತ್ತದೆ.

ನಮ್ಮಲ್ಲಿ ಟಿಐಎ ಆದವರು ಆಸ್ಪತ್ರೆಗೆ ಬರುವುದು ಬಲು ಕಡಿಮೆ. ನೋವಿಲ್ಲ, ರಕ್ತ ಬಂದಿಲ್ಲ, ಹತ್ತು ನಿಮಿಷಕ್ಕೆ ಸರಿಹೋಗಿದೆ. ಯಾರು ಬರುತ್ತಾರೆ ಹೇಳಿ? ಎದೆನೋವಿನ ಹಾಗೆ ಇದು ಹೆದರಿಸುವುದಿಲ್ಲ. ಆದ್ದರಿಂದ ನೀವು ನಿಮ್ಮನ್ನೇ ಬೈದುಕೊಳ್ಳಬೇಡಿ. ಓದು ಬರಹ ಚೆನ್ನಾಗಿರುವ ಮನೆಗಳಲ್ಲೂ ಇದೇ ಆಗುತ್ತದೆ.

ಇನ್ನು ಸೋಮವಾರದ ವಿಷಯ. ಸ್ಟ್ರೋಕ್‌ನಲ್ಲಿ ಎರಡು ಬಗೆ. ಹೆಪ್ಪು ಕೂತು ರಕ್ತ ಹೋಗದಿರುವುದು ಒಂದು, ರಕ್ತನಾಳ ಒಡೆಯುವುದು ಇನ್ನೊಂದು. ಹೆಚ್ಚಿನವು ಮೊದಲನೆಯದು. ಹೊರಗಿಂದ ನೋಡಿದರೆ ಎರಡೂ ಒಂದೇ ಥರ, ನನಗೂ ಕಣ್ಣಳತೆಯಲ್ಲಿ ಹೇಳಲು ಆಗುವುದಿಲ್ಲ. ಸಿಟಿ ಸ್ಕ್ಯಾನ್ ಬೇಕೇ ಬೇಕು. ಹೆಪ್ಪು ಕರಗಿಸುವ ಇಂಜೆಕ್ಷನ್ ಕೆಲಸ ಮಾಡುತ್ತದೆ ಅಂತ 1995ರಲ್ಲಿ ಅಮೆರಿಕದ ಅಧ್ಯಯನವೊಂದು ತೋರಿಸಿತು. ಆಗ ಗಡುವು ಮೂರು ಗಂಟೆ. 2008ರಲ್ಲಿ ಯೂರೋಪಿನ ಅಧ್ಯಯನದಿಂದ ಅದು ನಾಲ್ಕೂವರೆ ಗಂಟೆಯಾಯಿತು. ನಾಲ್ಕೂವರೆವರೆಗೂ ಒಂದೇ ಫಲ ಅಂತಲ್ಲ, ಬೇಗ ಕೊಟ್ಟಷ್ಟೂ ಒಳ್ಳೆಯದು. ದೊಡ್ಡ ರಕ್ತನಾಳ ಮುಚ್ಚಿದ್ದರೆ ತೊಡೆ ಹತ್ತಿರದಿಂದ ತಂತಿ ತೂರಿಸಿ ಹೆಪ್ಪನ್ನೇ ಎಳೆದು ತೆಗೆಯುವುದೂ ಇದೆ. ಕೆಲವರಿಗೆ 24 ಗಂಟೆವರೆಗೂ ಅದನ್ನು ಮಾಡಬಹುದು, ಆದರೆ ಎಲ್ಲ ಊರಲ್ಲೂ ಆ ಸೌಲಭ್ಯ ಇಲ್ಲ. ದೊಡ್ಡ ರಕ್ತನಾಳ ಮುಚ್ಚಿದಾಗ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶ ಸಾಯುತ್ತವೆ ಅಂತ ಒಂದು ಲೆಕ್ಕ ಇದೆ. ನಾನು ಇದನ್ನು ಹೇಳಿದರೆ ಜನ ತಟ್ಟನೆ ಎದ್ದು ನಿಲ್ಲುತ್ತಾರೆ.

ಗೋಪಿ_ಅರಸೀಕೆರೆ

ಡಾಕ್ಟ್ರೇ, ಹಾರ್ಟ್ ಅಟ್ಯಾಕ್ ಅಂದರೆ ಆಸ್ಪಿರಿನ್ ಅಗಿಯಲು ಕೊಡಿ ಅಂತಾರಲ್ಲ. ಇದಕ್ಕೂ ಮನೆಯಲ್ಲೇ ಕೊಡಬಹುದಾ?

ಜಿಲ್ಲಾಸ್ಪತ್ರೆ_ಡಾಕ್ಟರ್

ಬೇಡ. ಒಳಗೆ ರಕ್ತಸ್ರಾವ ಆಗಿದ್ದರೆ ಆಸ್ಪಿರಿನ್ ಅದನ್ನು ಹೆಚ್ಚಿಸುತ್ತದೆ. ಸ್ಕ್ಯಾನ್ ಆದಮೇಲೆ ನಾವು ಕೊಡುತ್ತೇವೆ.

ಬಿಪಿ ಮಾತ್ರೆಯೂ ಬೇಡ. ರಕ್ತ ಸಿಗದ ಜಾಗಕ್ಕೆ ಹೇಗಾದರೂ ರಕ್ತ ತಳ್ಳಬೇಕು ಅಂತ ದೇಹವೇ ಆ ಹೊತ್ತಿನಲ್ಲಿ ಬಿಪಿ ಏರಿಸಿಕೊಂಡಿರುತ್ತದೆ. ನಾವು ಮನೆಯಲ್ಲಿ ಗಬಕ್ಕನೆ ಇಳಿಸಿದರೆ ಬದುಕಬಹುದಾಗಿದ್ದ ಭಾಗವೂ ಒಣಗುತ್ತದೆ. ನೀರು, ಕಾಫಿ, ಎಳನೀರು ಯಾವುದೂ ಬೇಡ. ನುಂಗುವ ಶಕ್ತಿ ಹೋಗಿದ್ದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ, ಆಮೇಲೆ ನ್ಯುಮೋನಿಯಾ. ಶುಗರ್ ಇರುವವರ ಮನೆಯಲ್ಲಿ ಗ್ಲೂಕೋಮೀಟರ್ ಇದ್ದರೆ ಒಂದು ಸಲ ಬೆರಳು ಚುಚ್ಚಿ ನೋಡಿ, ಯಾಕೆಂದರೆ ಶುಗರ್ ತೀರಾ ಇಳಿದಾಗಲೂ ಸ್ಟ್ರೋಕ್ ಥರವೇ ಕಾಣಬಹುದು. ಅದನ್ನೂ ಹೊರಡುವ ಗಡಿಬಿಡಿಯಲ್ಲೇ ಮಾಡಿ, ಅದಕ್ಕಾಗಿ ಕಾಯಬೇಡಿ.

108_ಹುಡುಗ

ನಾನು ಆಂಬುಲೆನ್ಸ್‌ನಲ್ಲಿ ಕೆಲಸ ಮಾಡುವವನು. ಫೋನ್ ಮಾಡಿದಾಗ ಜನ "ನಮ್ಮಪ್ಪ ಬಿದ್ದುಬಿಟ್ಟರು" ಅಂತಾರೆ, "ತಲೆ ಸುತ್ತು" ಅಂತಾರೆ. ಅಷ್ಟು ಹೇಳಿದರೆ ಸಾಲದು. ಮುಖ ಸೊಟ್ಟಗಾಗಿದೆ, ಒಂದು ಕೈ ಎತ್ತಲು ಆಗುತ್ತಿಲ್ಲ, ಮಾತು ತೊದಲುತ್ತಿದೆ, ಲಕ್ವ ಅನ್ನಿಸುತ್ತಿದೆ, ಇಷ್ಟು ಗಂಟೆಗೆ ಶುರುವಾಯಿತು ಅಂತ ಹೇಳಿ.

ಈ ಗಂಟೆ ಅನ್ನುವುದು ತುಂಬ ಮುಖ್ಯ. ಆಸ್ಪತ್ರೆಯಲ್ಲಿ ಇಳಿಸಿದ ತಕ್ಷಣ ಕೇಳುವುದೇ ಅದನ್ನು. ಬೆಳಿಗ್ಗೆ ಏಳುವಾಗಲೇ ಕೈ ಬಿದ್ದಿದ್ದರೆ ಎದ್ದ ಹೊತ್ತು ಲೆಕ್ಕಕ್ಕೆ ಬರುವುದಿಲ್ಲ. ಕೊನೆಗೆ ಚೆನ್ನಾಗಿದ್ದಿದ್ದು ಯಾವಾಗ ಅನ್ನುವುದು ಬೇಕು. ರಾತ್ರಿ ಹನ್ನೊಂದಕ್ಕೆ ಎದ್ದು ಬಚ್ಚಲಿಗೆ ಹೋಗಿ ಬಂದಿದ್ದರಾ? ಆಗ ಸರಿಯಾಗಿ ನಡೆದರಾ? ಅದನ್ನು ನೋಡಿದವರೇ ಜೊತೆಗೆ ಬನ್ನಿ. ಎಷ್ಟೋ ಸಲ ಗೊತ್ತಿದ್ದವರು ಮನೆಯಲ್ಲಿ ಉಳಿದು, ಏನೂ ಗೊತ್ತಿಲ್ಲದ ನಾಲ್ಕು ಜನ ಗಾಡಿ ಹತ್ತುತ್ತಾರೆ. ತಗೊಳ್ಳುವ ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಸುರಿದುಕೊಂಡು ತನ್ನಿ. ರಕ್ತ ತೆಳುವಾಗುವ ಮಾತ್ರೆ ಇದೆಯಾ ಅಂತ ಡಾಕ್ಟರ್ ನೋಡಲೇಬೇಕು.

ನಿಮ್ಮ ಊರಿಗೆ ಹತ್ತಿರದಲ್ಲಿ 24 ಗಂಟೆ ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆ ಯಾವುದು ಅಂತ ಇವತ್ತೇ ವಿಚಾರಿಸಿ ಇಟ್ಟುಕೊಳ್ಳಿ. ಹತ್ತಿರದ ಆಸ್ಪತ್ರೆ ಬೇರೆ, ಸ್ಕ್ಯಾನ್ ಇರುವ ಆಸ್ಪತ್ರೆ ಬೇರೆ. ಕೊಬ್ಬರಿಮನೆ ಅಣ್ಣನ ಹೊತ್ತು ಹೋಗಿದ್ದು ಅಲ್ಲೇ.

ಹುಬ್ಬಳ್ಳಿ_ಸೊಸೆ

ನಮ್ಮ ಅತ್ತೆಯವರದು ಬೇರೆ ಥರ ಇತ್ತು ನೋಡ್ರಿ, ಹಾಗಾಗಿ ಬರೆಯುತ್ತಿದ್ದೇನೆ. ಮುಖ ಸೊಟ್ಟಗಾಗಲಿಲ್ಲ, ಕೈಕಾಲು ಬೀಳಲಿಲ್ಲ. ರೊಟ್ಟಿ ಬಡಿಯುತ್ತಿದ್ದವರು ಒಮ್ಮೆಗೇ ಗೋಡೆ ಹಿಡಿದರು. ಮನೆ ತಿರುಗುತ್ತಿದೆ ಅಂದರು. ವಾಂತಿ ಶುರುವಾಯಿತು. ಒಂದು ರೊಟ್ಟಿ ಎರಡಾಗಿ ಕಾಣುತ್ತಿದೆ ಅಂದರು. ಎಬ್ಬಿಸಿ ನಿಲ್ಲಿಸಿದರೆ ಒಂದೇ ಕಡೆ ವಾಲುತ್ತಿದ್ದರು. ಗ್ಯಾಸ್ ಆಗಿದೆ, ಊಟ ಸೇರಿಲ್ಲ ಅಂತ ಸೋಡಾ ಕುಡಿಸಿದೆವು. ಸಂಜೆ ಮಾವನವರು ಹಟ ಹಿಡಿದು ಕರೆದುಕೊಂಡು ಹೋದರು. ಮೆದುಳಿನ ಹಿಂಭಾಗದಲ್ಲಿ ಸ್ಟ್ರೋಕ್ ಆಗಿತ್ತು. ಅತ್ತೆಗೆ ಶುಗರ್ ಇದೆ, 14 ವರ್ಷದ್ದು.

ನಗಿಸಿ ನೋಡಿ, ಕೈ ಎತ್ತಿಸಿ ನೋಡಿ, ಮಾತಾಡಿಸಿ ನೋಡಿ ಅಂತಾರಲ್ಲ, ಅದರ ಜೊತೆಗೆ ನಡೆಸಿ ನೋಡುವುದು ಮತ್ತು ಕಣ್ಣು ಹೇಗೆ ಕಾಣುತ್ತಿದೆ ಅಂತ ಕೇಳುವುದೂ ಸೇರಬೇಕು ಅಂತ ಅಲ್ಲಿನ ಡಾಕ್ಟರ್ ಹೇಳಿದರು.

ಹಳೇಸಿಸ್ಟರ್

ಸರಿಯಾಗಿ ಹೇಳಿದೆ ಮಗಳೇ. ಮಾತಾಡಿಸಿ ನೋಡುವಾಗ ಹೊಸ ವಾಕ್ಯ ಹೇಳಿಸಬೇಡಿ. "ಕರಿ ಕುರಿ ಮರಿ" ಥರದ್ದಂತೂ ಬೇಡವೇ ಬೇಡ, ಅದು ಆರೋಗ್ಯವಾಗಿರುವವರಿಗೇ ತಡವರಿಸುತ್ತದೆ. ದಿನಾ ಹೇಳುವ ಮಾತನ್ನೇ ಹೇಳಿಸಿ. ಊರ ಹೆಸರು, ಮೊಮ್ಮಗಳ ಹೆಸರು, ಇವತ್ತು ಯಾವ ವಾರ. ತೊದಲುತ್ತದಾ, ಪದ ಸಿಗುತ್ತಿಲ್ಲವಾ, ಅಥವಾ ನೀವು ಹೇಳಿದ್ದೇ ಅರ್ಥವಾಗುತ್ತಿಲ್ಲವಾ, ಮೂರನ್ನೂ ಗಮನಿಸಿ. ಕೈ ಎತ್ತಿಸುವಾಗ ಕಣ್ಣು ಮುಚ್ಚಿಸಿ, ಎರಡೂ ಕೈ ಮುಂದೆ ಚಾಚಿಸಿ ಹತ್ತು ಎಣಿಸಿ. ಸ್ವಾಧೀನ ತಪ್ಪಿದ ಕೈ ಮೆಲ್ಲಗೆ ಇಳಿಯುತ್ತದೆ.

ಹಿಂದೆಂದೂ ಬಾರದಂಥ ತಲೆನೋವು ಸಿಡಿಲು ಹೊಡೆದ ಹಾಗೆ ಬಂದರೂ ಒಂದು ಕ್ಷಣ ನಿಲ್ಲಬೇಡಿ. ಅದು ರಕ್ತನಾಳ ಒಡೆದದ್ದಿರಬಹುದು.

ಮಂಜಣ್ಣ_ಹಿರಿಯೂರು

ಎಲ್ಲರೂ ಇಂಗ್ಲಿಷ್ ಔಷಧಿ ಅಂತಲೇ ಹೇಳುತ್ತಿದ್ದೀರಿ. ನಮ್ಮ ಭಾವನಿಗೆ ಬಾಯಿ ಪೂರ್ತಿ ಸೊಟ್ಟಗಾಗಿತ್ತು. ನಾಟಿ ಔಷಧಿ ಕೊಡಿಸಿದೆವು, ಒಂದೂವರೆ ತಿಂಗಳಲ್ಲಿ ಸರಿಹೋಯಿತು. ಕಣ್ಣಾರೆ ನೋಡಿದ್ದೇನೆ.

ಜಿಲ್ಲಾಸ್ಪತ್ರೆ_ಡಾಕ್ಟರ್

ನೀವು ನೋಡಿದ್ದು ನಿಜ ಮಂಜಣ್ಣ, ನಾನು ಅದನ್ನು ಸುಳ್ಳು ಅನ್ನುವುದಿಲ್ಲ. ನಿಮ್ಮ ಭಾವನಿಗೆ ಕೈಕಾಲಿನಲ್ಲಿ ಏನಾದರೂ ತೊಂದರೆ ಇತ್ತಾ? ಆ ಕಡೆ ಕಣ್ಣು ಮುಚ್ಚಲು ಆಗುತ್ತಿತ್ತಾ? ಹಣೆ ಗಂಟಿಕ್ಕಲು ಆಗುತ್ತಿತ್ತಾ?

ಮಂಜಣ್ಣ_ಹಿರಿಯೂರು

ಕೈಕಾಲು ಚೆನ್ನಾಗಿತ್ತು. ಕಣ್ಣು ಮುಚ್ಚುತ್ತಿರಲಿಲ್ಲ, ರಾತ್ರಿ ಬಟ್ಟೆ ಕಟ್ಟಿ ಮಲಗುತ್ತಿದ್ದ. ಹಣೆ ನೆನಪಿಲ್ಲ.

ಜಿಲ್ಲಾಸ್ಪತ್ರೆ_ಡಾಕ್ಟರ್

ಹಾಗಿದ್ದರೆ ಅದು ಬೆಲ್ಸ್ ಪಾಲ್ಸಿ ಇದ್ದಿರಬೇಕು. ಮುಖದ ನರ ಒಂದೇ ಊದಿಕೊಳ್ಳುತ್ತದೆ, ಮೆದುಳಿಗೆ ಏನೂ ಆಗಿರುವುದಿಲ್ಲ. ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ, ಇಲ್ಲವೇ ಕೆಲವು ತಿಂಗಳಲ್ಲಿ ತಾನಾಗೇ ವಾಸಿಯಾಗುತ್ತದೆ. ಊರವರು ಎರಡಕ್ಕೂ ಲಕ್ವ ಅಂತಲೇ ಹೇಳುತ್ತಾರೆ, ಗೊಂದಲ ಹುಟ್ಟುವುದೇ ಇಲ್ಲಿಂದ. ಬೆಲ್ಸ್ ಪಾಲ್ಸಿ ವಾಸಿಯಾದದ್ದನ್ನು ನೋಡಿದವರು, ಸ್ಟ್ರೋಕ್ ಆದವರನ್ನೂ ಅದೇ ಔಷಧಿಗೆ ಕರೆದುಕೊಂಡು ಹೋಗುತ್ತಾರೆ. ನಾಲ್ಕೂವರೆ ಗಂಟೆ ದಾರಿಯಲ್ಲೇ ಮುಗಿಯುತ್ತದೆ. ಪಾರಿವಾಳದ ರಕ್ತ ಚರ್ಮದ ಮೇಲೆ ಹಚ್ಚಿದರೆ ಮೆದುಳಿನ ಹೆಪ್ಪಿಗೆ ಏನೂ ಆಗುವುದಿಲ್ಲ. ಬಾಯಿ ಸೊಟ್ಟಗಾದರೆ ಯಾವುದು ಅಂತ ಮನೆಯಲ್ಲಿ ತೀರ್ಮಾನ ಮಾಡದೆ ಮೊದಲು ಆಸ್ಪತ್ರೆಗೆ ಬನ್ನಿ. ಬೆಲ್ಸ್ ಪಾಲ್ಸಿ ಆಗಿದ್ದರೂ ಮೂರು ದಿನದೊಳಗೆ ಮಾತ್ರೆ ಶುರು ಮಾಡಿದರೆ ಒಳ್ಳೆಯದು, ಬಂದಿದ್ದು ದಂಡವಾಗುವುದಿಲ್ಲ.

ಮಂಜಣ್ಣ_ಹಿರಿಯೂರು

ಇದು ಗೊತ್ತಿರಲಿಲ್ಲ ಸರ್. ನಮ್ಮೂರಲ್ಲಿ ಹೇಳುತ್ತೇನೆ.

ಚೈತ್ರಾ_ಎಂ

ವಯಸ್ಸಾದವರಿಗೆ ಮಾತ್ರ ಅಂದುಕೊಳ್ಳಬೇಡಿ. ನನ್ನ ಅಕ್ಕನಿಗೆ ಆಗ 24. ಹೆರಿಗೆಯಾಗಿ ಹನ್ನೆರಡನೇ ದಿನ. ಬಾಣಂತಿಗೆ ನೀರು ಕೊಟ್ಟರೆ ಶೀತ, ಹೊಟ್ಟೆ ದಪ್ಪ ಆಗುತ್ತದೆ ಅಂತ ದಿನಕ್ಕೆ ಎರಡು ಲೋಟ ಬಿಸಿನೀರು ಮಾತ್ರ. ಮೇಲೆ ಸುಡುಸುಡು ನೀರಿನ ಸ್ನಾನ, ಕೋಣೆಯಲ್ಲಿ ಕೆಂಡದ ಹೊಗೆ. ತಲೆನೋವು ಅಂತ ಮೂರು ದಿನ ಹೇಳಿದಳು. ಬಾಣಂತನದಲ್ಲಿ ಇದ್ದದ್ದೇ ಅಂದರು. ನಾಲ್ಕನೇ ದಿನ ಫಿಟ್ಸ್ ಬಂತು, ಎಡಗಾಲು ಬಿದ್ದುಹೋಯಿತು. ಮೆದುಳಿನಿಂದ ರಕ್ತ ವಾಪಸ್ ಬರುವ ಸಿರೆಯಲ್ಲಿ ಹೆಪ್ಪುಗಟ್ಟಿತ್ತು.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಅವಳಿಗೆ ಚಿಕಿತ್ಸೆಯಾಯಿತು. ಬಾಣಂತಿಯರ ಈ ಕಾಯಿಲೆ ಬಗ್ಗೆ ಅಲ್ಲಿನವರು ಹಿಂದಿನಿಂದಲೂ ಅಧ್ಯಯನ ಮಾಡಿಕೊಂಡು ಬಂದಿದ್ದಾರೆ ಅಂತ ಆಮೇಲೆ ಗೊತ್ತಾಯಿತು. ಹೆರಿಗೆಯಾದ ಮೇಲೆ ರಕ್ತ ಮೊದಲೇ ಬೇಗ ಹೆಪ್ಪುಗಟ್ಟುವ ಸ್ಥಿತಿಯಲ್ಲಿರುತ್ತದಂತೆ, ನೀರನ್ನೂ ನಿಲ್ಲಿಸಿದರೆ ಇನ್ನೇನಾಗಬೇಕು? ಅಕ್ಕ ಈಗ ಪೂರ್ತಿ ಚೆನ್ನಾಗಿದ್ದಾಳೆ, ಮಗ ಶಾಲೆಗೆ ಹೋಗುತ್ತಾನೆ. ಅಜ್ಜಿಯಂದಿರನ್ನು ಎದುರು ಹಾಕಿಕೊಂಡಾದರೂ ಬಾಣಂತಿಗೆ ಬಾಯಾರಿದಷ್ಟು ನೀರು ಕೊಡಿ. ಕೈಮುಗಿದು ಕೇಳುತ್ತೇನೆ.

ಮಸ್ಕತ್_ಕನ್ನಡಿಗ

ನಾನು ದೂರದಲ್ಲಿರುವವನು. ಅಮ್ಮನ ನಗು ಒಂದೇ ಕಡೆ ಬರುತ್ತಿದ್ದದ್ದನ್ನು ವಿಡಿಯೋ ಕಾಲ್‌ನಲ್ಲಿ ನಾನೇ ಮೊದಲು ನೋಡಿದ್ದು. ಜೊತೆಗಿದ್ದ ಅಪ್ಪನಿಗೆ ಗೊತ್ತಾಗಿರಲಿಲ್ಲ. ಇಲ್ಲಿಂದ 108ಕ್ಕೆ ಕರೆ ಹೋಗುವುದಿಲ್ಲ. ಪಕ್ಕದ ಮನೆಯವರ ನಂಬರ್ ಇದ್ದಿದ್ದಕ್ಕೆ ಬದುಕಿಕೊಂಡೆವು. ಹೊರದೇಶದಲ್ಲಿರುವ ಮಕ್ಕಳು ಊರಿನ ಇಬ್ಬರು ಅಕ್ಕಪಕ್ಕದವರ ನಂಬರ್, ಆಸ್ಪತ್ರೆಯ ಲ್ಯಾಂಡ್‌ಲೈನ್ ನಂಬರ್ ಉಳಿಸಿಕೊಂಡಿರಿ.

ಜಿಲ್ಲಾಸ್ಪತ್ರೆ_ಡಾಕ್ಟರ್

ಕೊಬ್ಬರಿಮನೆ ಅವರ ಮೂರನೇ ಪ್ರಶ್ನೆ ಬಾಕಿ ಇದೆ. ಅಪ್ಪನಿಗೆ ಬಂದಿದೆ ಅಂದಮಾತ್ರಕ್ಕೆ ಮಕ್ಕಳಿಗೆ ಬಂದೇ ಬರುತ್ತದೆ ಅಂತಿಲ್ಲ. ಆದರೆ ಅಪಾಯ ಸ್ವಲ್ಪ ಜಾಸ್ತಿ. 32 ದೇಶಗಳಲ್ಲಿ ನಡೆದ ಇಂಟರ್‌ಸ್ಟ್ರೋಕ್ ಅಧ್ಯಯನದ ಪ್ರಕಾರ ಸ್ಟ್ರೋಕ್‌ಗಳಲ್ಲಿ ಶೇ 90ರಷ್ಟಕ್ಕೆ ನಾವು ಬದಲಾಯಿಸಬಹುದಾದ ಹತ್ತು ಅಂಶಗಳೇ ಕಾರಣ, ಅದರಲ್ಲೂ ಮೊದಲ ಸ್ಥಾನ ಬಿಪಿಗೆ. ಬಿಪಿಗೆ ನೋವಿಲ್ಲ, ಲಕ್ಷಣವಿಲ್ಲ. ತಲೆನೋವು ಬಂದಾಗ ಮಾತ್ರೆ, ಹೋದಾಗ ಬಿಡುವುದು ಅನ್ನುವುದು ನಮ್ಮ ಕಡೆ ನಾನು ದಿನಾ ನೋಡುವ ಕಾರಣ. "ನಾರ್ಮಲ್ ಬಂದಿದೆ, ನಿಲ್ಲಿಸಿದೆ" ಅಂತಾರೆ. ನಾರ್ಮಲ್ ಬಂದಿರುವುದೇ ಮಾತ್ರೆಯಿಂದ ಅಲ್ವಾ? ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿಪಿ, ಶುಗರ್ ಎರಡಕ್ಕೂ ಮಾತ್ರೆ ಉಚಿತವಾಗಿ ಕೊಡುತ್ತಾರೆ.

ಉಪ್ಪು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಇರಲಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಅಂದರೆ ಒಂದು ಟೀ ಚಮಚ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಮಜ್ಜಿಗೆ ಮೆಣಸಿನಕಾಯಿ ಎಲ್ಲ ಸೇರಿ. ಬೀಡಿ ಸಿಗರೇಟ್ ಬಿಡಲೇಬೇಕು, ಹೊಗೆಸೊಪ್ಪು ಗುಟ್ಕಾ ಕೂಡ. ಇನ್ನೊಂದು ವಿಷಯವನ್ನು ಹೆಚ್ಚಿನವರು ಗಮನಿಸುವುದಿಲ್ಲ. ನಾಡಿ ಹಿಡಿದಾಗ ಬಡಿತ ತಾಳ ತಪ್ಪಿ, ಒಮ್ಮೆ ಬೇಗ ಒಮ್ಮೆ ನಿಧಾನ ಬಂದರೆ ಇಸಿಜಿ ಮಾಡಿಸಿ. ಹಾಗೆ ಬಡಿಯುವ ಹೃದಯದಲ್ಲಿ ರಕ್ತ ನಿಂತು ಹೆಪ್ಪಾಗುತ್ತದೆ, ಅದೇ ಮೆದುಳಿಗೆ ಹೋಗುತ್ತದೆ. ಚಿಕ್ಕಂದಿನಲ್ಲಿ ಕೀಲುಜ್ವರ ಬಂದು ಹೃದಯದ ಕವಾಟ ಕೆಟ್ಟವರಲ್ಲಿ ಇದು ವಯಸ್ಸಿಗೆ ಮುಂಚೆಯೇ ಬರುತ್ತದೆ.

ಕೊಬ್ಬರಿಮನೆ

ಎಲ್ಲರ ಉತ್ತರವನ್ನೂ ಮನೆಯಲ್ಲಿ ಗಟ್ಟಿಯಾಗಿ ಓದಿ ಹೇಳಿದೆ. ಅಪ್ಪನೂ ಕೇಳಿದರು. ಚಪ್ಪಲಿ ವಿಷಯ ಬಂದಾಗ ಬಾಗಿಲ ಕಡೆ ಕೈ ತೋರಿಸಿ "ಅವತ್ತೇ" ಅಂದರು. ಒಂದೇ ಪದ, ಸರಿಯಾಗಿ ಬಂತು.

ಫಿಸಿಯೋಥೆರಪಿ ದಿನಾ ನಡೆಯುತ್ತಿದೆ. ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆ ಹೆಸರು ಬರೆದು ಬಾಗಿಲ ಹಿಂದೆ ಅಂಟಿಸಿದ್ದೇವೆ. ನಿನ್ನೆ ನಾನೂ ತಮ್ಮನೂ ಹೋಗಿ ಬಿಪಿ ನೋಡಿಸಿದೆವು. ತಮ್ಮನದು ಸರಿ ಇದೆ. ನನ್ನದು 156/98. ನನಗೆ ಏನೂ ಅನ್ನಿಸುತ್ತಿಲ್ಲ, ತಲೆನೋವೂ ಇಲ್ಲ. ಬಸ್ ಇಳಿದು ಬೇಗ ಬೇಗ ನಡೆದು ಹೋಗಿದ್ದೆ, ಅದಕ್ಕೇ ಜಾಸ್ತಿ ಬಂದಿರಬಹುದಾ?

ಹಳೇಸಿಸ್ಟರ್

ಇರಬಹುದು, ಇಲ್ಲದೆಯೂ ಇರಬಹುದು. ಒಂದು ವಾರ ಬೆಳಿಗ್ಗೆ ಸಂಜೆ ನೋಡಿಸು. ಅದಕ್ಕೆ ಅರ್ಧ ಗಂಟೆ ಮುಂಚೆ ಕಾಫಿ ಬೇಡ. ಬೆನ್ನಿಗೆ ಒರಗು ಕೊಟ್ಟು ಐದು ನಿಮಿಷ ಸುಮ್ನೆ ಕೂತುಕೊ, ಕಾಲು ನೆಲದ ಮೇಲಿರಲಿ, ಕೈ ಎದೆ ಮಟ್ಟಕ್ಕೆ ಮೇಜಿನ ಮೇಲಿರಲಿ. ಎರಡು ಸಲ ನೋಡಿಸಿ ಎರಡನ್ನೂ ಬರೆದುಕೊ. ಆ ಚೀಟಿ ತಗೊಂಡು ಮುಂದಿನ ಸೋಮವಾರ ಡಾಕ್ಟರ್ ಹತ್ತಿರ ಹೋಗು. ಅಷ್ಟರೊಳಗೆ 180/120 ದಾಟಿದರೆ ಸೋಮವಾರಕ್ಕೆ ಕಾಯಬೇಡ, ಅವತ್ತೇ ಹೋಗು. ಹೋಗಿ ಬಂದು ಇಲ್ಲಿ ಬರಿ, ನಾನು ನೋಡುತ್ತಿರುತ್ತೇನೆ.